ಆಟಕ್ಕುಂಟು, ಲೆಕ್ಕಕ್ಕಿಲ್ಲವೇ?

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಹಾಲಿವುಡ್‌ನ ಹಾಸ್ಯನಟರಾದ ಮಾರ್ಕ್ಸ್ ಸಹೋದರರ ಬಗ್ಗೆ ಬಂದ ಬರಹ ಓದಿದೆವು. ಚಿಕ್ಕೋ, ಹಾರ್ಪೋ, ಗ್ರೌಚೋ ಮೂವರಿಗೂ ಸಾಕಷ್ಟು ಜಾಗ ಸಿಕ್ಕಿದೆ. ಕಿರಿಯ ತಮ್ಮ ಝೆಪ್ಪೋ ಮಾತ್ರ ಏನೂ ಮಾಡದೆ ಪಕ್ಕದಲ್ಲಿ ನಿಂತಿದ್ದವನೆಂದು ಅರ್ಧ ಸಾಲಿನಲ್ಲಿ ಮುಗಿದುಹೋಗಿದ್ದಾನೆ. ಇದು ಸರಿಯಲ್ಲ.

ಅಣ್ಣತಮ್ಮಂದಿರು ಒಟ್ಟು ಐವರು. ಗಮ್ಮೋ 1918ರಲ್ಲಿ ರಂಗ ಬಿಟ್ಟು ಸೈನ್ಯ ಸೇರಿದಾಗ ಅವನ ಜಾಗಕ್ಕೆ ಬಂದವನು 1901ರಲ್ಲಿ ಹುಟ್ಟಿದ ಝೆಪ್ಪೋ. 1929ರ ‘ದಿ ಕೋಕೋನಟ್ಸ್’ನಿಂದ 1933ರ ‘ಡಕ್ ಸೂಪ್’ವರೆಗೆ ಐದು ಚಿತ್ರಗಳಲ್ಲಿ ನಾಲ್ವರೂ ಇದ್ದಾರೆ. ಝೆಪ್ಪೋ ಬಿಟ್ಟ ಮೇಲೆ 1935ರ ‘ಎ ನೈಟ್ ಅಟ್ ದಿ ಆಪೆರಾ’ಕ್ಕೆ ಹಾಡುವ ಪ್ರೇಮಿಯ ಪಾತ್ರಕ್ಕೆ ಹೊರಗಿನಿಂದ ಅಲನ್ ಜೋನ್ಸ್‌ನನ್ನು ಕರೆತಂದರು. ಏನೂ ಕೆಲಸವಿಲ್ಲದ ಜಾಗವಾಗಿದ್ದರೆ ಅದನ್ನು ತುಂಬಬೇಕಾದ ಅಗತ್ಯವೇನಿತ್ತು?

ಆ ಕೆಲಸ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ದೊಡ್ಡಾಟದಲ್ಲಿ ಸೂತ್ರಧಾರನಂತಿರುವ ಸಾರಥಿ ಎದುರು ನಿಂತು ಕೇಳಿದರೆ ತಾನೇ ಪಾತ್ರ ತಾನು ಯಾರೆಂದು ಬಾಯಿಬಿಡುವುದು? ಹಾಸ್ಯದಲ್ಲೂ ಮಾತು ಎತ್ತಿಕೊಡುವವನೊಬ್ಬ ಬೇಕು. ‘ಅನಿಮಲ್ ಕ್ರ್ಯಾಕರ್ಸ್’ (1930) ಚಿತ್ರದಲ್ಲಿ ಗ್ರೌಚೋ ವಕೀಲರಿಗೆ ಕಾಗದ ಹೇಳಿ ಬರೆಸುತ್ತಾನೆ, ಝೆಪ್ಪೋ ಬರೆದುಕೊಳ್ಳುತ್ತಾನೆ. ವಕೀಲರ ಸಂಸ್ಥೆಯ ಹೆಸರಿನಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಓದಿ ಹೇಳುವಾಗ ಒಂದು ಬಿಟ್ಟುಹೋಗಿದೆ. ಧಣಿ ಹೇಳಿದ್ದರಲ್ಲಿ ಮುಖ್ಯವಲ್ಲ ಅನ್ನಿಸಿದ್ದನ್ನೆಲ್ಲ ಗುಮಾಸ್ತ ತಾನೇ ಕೈಬಿಟ್ಟಿದ್ದಾನೆ, ಅದನ್ನು ಅಷ್ಟೇ ವಿನಯದಿಂದ ತಿಳಿಸುತ್ತಾನೆ. ಇಲ್ಲಿ ನಗೆ ಹುಟ್ಟುವುದು ಝೆಪ್ಪೋನ ಮುಖದಲ್ಲಿ ತುಂಟತನದ ಸುಳಿವೂ ಇಲ್ಲದ್ದರಿಂದ. ಅವನು ಒಂದು ಸಲ ತುಟಿ ಕೊಂಕಿಸಿದ್ದರೂ ದೃಶ್ಯ ಬಿದ್ದುಹೋಗುತ್ತಿತ್ತು.

ವೇದಿಕೆಯಲ್ಲಿ ಇದು ಇನ್ನೂ ಕಷ್ಟ. ಹಾಸ್ಯಗಾರನ ಮುಖ ಜನರಿಗೆ ಪೂರ್ತಿ ಕಾಣುವಂತೆ ಅರ್ಧ ಹೆಜ್ಜೆ ಹಿಂದೆ, ಓರೆಯಾಗಿ ನಿಲ್ಲಬೇಕು. ಅವನು ಮಾತಾಡುವಾಗ ಕೈ ಆಡಿಸಬಾರದು, ಕಣ್ಣು ಅವನ ಮೇಲೇ ಇರಬೇಕು. ಜನ ನೋಡುವುದು ನೀವು ನೋಡಿದ ಕಡೆಗೆ. ಪಂಚ್, ಅಂದರೆ ನಗೆ ಹುಟ್ಟಿಸುವ ಮಾತು, ಯಾವ ಪದದ ಮೇಲೆ ನಿಂತಿದೆಯೋ ಆ ಪದವನ್ನು ಪ್ರಶ್ನೆಯಲ್ಲೇ ಕೊನೆಯ ಸಾಲಿಗೂ ಕೇಳುವಂತೆ ಬಿಡಿಸಿ ಹೇಳಬೇಕು. ಎಲ್ಲಕ್ಕಿಂತ ದೊಡ್ಡದು ಕಾಯುವುದು. ನಗೆ ಏರುತ್ತಿರುವಾಗ ಮುಂದಿನ ಪ್ರಶ್ನೆ ಹಾಕಿದರೆ ಎರಡೂ ಹಾಳು. ಪೂರ್ತಿ ಅಡಗುವತನಕ ಕಾದರೆ ಸಭೆ ತಣ್ಣಗಾಗುತ್ತದೆ. ನಗೆ ಇಳಿಮುಖವಾದ ಕ್ಷಣದಲ್ಲಿ ಮಾತು ಬೀಳಬೇಕು. ಹವ್ಯಾಸಿ ತಂಡಗಳಲ್ಲಿ ಹಾಸ್ಯ ಸೋಲುವುದು ಬಹುಪಾಲು ಇಲ್ಲೇ, ಬೈಗುಳ ಬೀಳುವುದು ಮಾತ್ರ ಹಾಸ್ಯಗಾರನಿಗೆ.

ಝೆಪ್ಪೋಗೆ ನಗಿಸಲು ಬರುತ್ತಿರಲಿಲ್ಲ ಎಂಬುದೂ ಸುಳ್ಳು. 1930ರಲ್ಲಿ ಶಿಕಾಗೋದಲ್ಲಿ ಗ್ರೌಚೋ ಅಪೆಂಡಿಸೈಟಿಸ್‌ನಿಂದ ಮಲಗಿದಾಗ ಅವನ ವೇಷ ಕಟ್ಟಿ ಆಡಿದವನು ಈ ತಮ್ಮನೇ. ಆ ದಪ್ಪ ಮೀಸೆ ಹೇಗೂ ಬಣ್ಣದಲ್ಲಿ ಬರೆದದ್ದು.

ಪುರವಣಿ ಮುಟ್ಟದೇ ಬಿಟ್ಟ ಇನ್ನೊಂದು ಭಾಗ ಈ ಹೆದ್ದಾರಿ ಊರುಗಳಿಗೆ ಹತ್ತಿರದ್ದು. ಸಿನಿಮಾ ಬಿಟ್ಟ ಝೆಪ್ಪೋ ಕಲಾವಿದರ ಏಜೆಂಟ್ ಆದ, ಜೊತೆಗೆ ಮಾರ್ಮನ್ ಪ್ರಾಡಕ್ಟ್ಸ್ ಎಂಬ ಕಾರ್ಖಾನೆ ನಡೆಸಿದ. ಅಲ್ಲಿಂದ ಹೆಸರಾದದ್ದು ಮಾರ್ಮನ್ ಕ್ಲಾಂಪ್. ಇವತ್ತು ಚಿತ್ರದುರ್ಗ, ದಾವಣಗೆರೆ ದಾಟಿ ಹೋಗುವ ಎಷ್ಟೋ ಲಾರಿಗಳ ಟರ್ಬೋಗೂ (ಇಂಜಿನ್ನಿಗೆ ಗಾಳಿ ಒತ್ತಿ ಕೊಡುವ ಭಾಗ) ಎಕ್ಸಾಸ್ಟ್ ಪೈಪಿಗೂ ನಡುವೆ ಕೂತಿರುವ ವಿ-ಕ್ಲಾಂಪ್ ಅದೇ ಜಾತಿಯದು. ಎರಡು ಕೊಳವೆಗಳ ತುದಿಯಲ್ಲೂ ಓರೆ ಅಂಚು ಇರುತ್ತದೆ, ಕೂಡಿಸಿದರೆ ಬೆಣೆಯಾಗುತ್ತದೆ. ಒಳಗೆ ವಿ ಆಕಾರದ ಕಚ್ಚು ಇರುವ ಪಟ್ಟಿಯನ್ನು ಅದರ ಮೇಲೆ ಸುತ್ತಿ ಬೋಲ್ಟ್ ಬಿಗಿದರೆ ಪಟ್ಟಿ ಸುತ್ತಲಿಂದ ಒಳಕ್ಕೆ ಒತ್ತುತ್ತದೆ, ಓರೆ ಅಂಚು ಆ ಒತ್ತಡವನ್ನು ಪಕ್ಕಕ್ಕೆ ತಿರುಗಿಸಿ ಎರಡೂ ಕೊಳವೆಗಳನ್ನು ಒಂದಕ್ಕೊಂದು ಅಮುಕುತ್ತದೆ. ಸುತ್ತಲೂ ಸಾಲು ಬೋಲ್ಟ್ ಹಾಕುವ ತಾಪತ್ರಯವಿಲ್ಲ.

ಕೆಡುವುದು ಹಾಕುವ ರೀತಿಯಿಂದ. ಅಂಚಿನ ಮಸಿ ಕೆರೆದು ತೆಗೆಯದಿದ್ದರೆ ಪಟ್ಟಿ ಒಂದು ಕಡೆ ಎತ್ತಿ ಕೂರುತ್ತದೆ. ಸೊಟ್ಟ ನಿಂತ ಪೈಪನ್ನು ಕ್ಲಾಂಪಿನಿಂದಲೇ ಎಳೆದು ಕೂಡಿಸಬಾರದು. ಮೊದಲು ಪೈಪಿನ ಬ್ರಾಕೆಟ್ ಸಡಿಲಿಸಿ ನೇರ ಮಾಡಿಕೊಳ್ಳಬೇಕು. ಬೋಲ್ಟನ್ನು ಒಂದೇ ಉಸಿರಿಗೆ ಬಿಗಿದರೆ ಉಜ್ಜಾಟದಿಂದ ಬಿಗಿತವೆಲ್ಲ ಬೋಲ್ಟಿನ ಹತ್ತಿರ ನಿಂತು ಎದುರು ಬದಿ ಸಡಿಲವೇ ಉಳಿಯುತ್ತದೆ. ಸ್ವಲ್ಪ ಬಿಗಿದು, ರಬ್ಬರ್ ಸುತ್ತಿಗೆಯಿಂದ ಪಟ್ಟಿಯ ಸುತ್ತ ತಟ್ಟಿ, ಮತ್ತೆ ಬಿಗಿದು, ಕೊನೆಗೆ ತಯಾರಕರು ಹೇಳಿದ ಅಳತೆಗೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮುಗಿಸಬೇಕು. ಗಾಳಿಯ ಒತ್ತಡದಿಂದ ಬೋಲ್ಟ್ ಬಿಗಿಯುವ ಏರ್ ಗನ್ ಬೇಡ, ಪಟ್ಟಿಯ ಸ್ಪಾಟ್ ವೆಲ್ಡ್ (ಚುಕ್ಕಿ ಬೆಸುಗೆ) ಬಿರುಕು ಬಿಡುತ್ತದೆ. ಜೋಡಣೆಯ ಸುತ್ತ ಕಪ್ಪು ಮಸಿ, ಏರಿನಲ್ಲಿ ಸಿಳ್ಳೆಯಂಥ ಸದ್ದು ಕಂಡುಬಂದರೆ ಸೋರಿಕೆ ಶುರುವಾಗಿದೆ ಎಂದೇ ತಿಳಿಯಬೇಕು. ಉಪಗ್ರಹವನ್ನು ರಾಕೆಟ್ಟಿಗೆ ಹಿಡಿದಿಡುವುದೂ ಇಂಥದೇ ಪಟ್ಟಿ. ಕಕ್ಷೆ ತಲುಪಿದಾಗ ಬೋಲ್ಟ್ ಕಡಿದು ಪಟ್ಟಿ ಬಿಚ್ಚಿಕೊಂಡರೆ ಸ್ಪ್ರಿಂಗ್‌ಗಳು ಉಪಗ್ರಹವನ್ನು ಮುಂದಕ್ಕೆ ತಳ್ಳುತ್ತವೆ. ನಾಡಿಮಿಡಿತ ತೋರಿಸುವ ಕೈಗಡಿಯಾರಕ್ಕೂ 1969ರಲ್ಲಿ ಝೆಪ್ಪೋ ಹೆಸರಿನಲ್ಲಿ ಪೇಟೆಂಟ್ ಆಗಿದೆ.

ನಮ್ಮ ಕೋರಿಕೆ ಎರಡು. ಪುರವಣಿಯಲ್ಲಿ ಈ ತಿದ್ದುಪಡಿ ಬರಲಿ. ಇನ್ನೊಂದು, ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರಾದ ದಾವಣಗೆರೆಯಲ್ಲೇ ಈಗ ವೃತ್ತಿ ರಂಗಭೂಮಿ ರಂಗಾಯಣ ಇದೆ. ಅಲ್ಲಿ ಹಾಸ್ಯ ಕಲಿಸುವಾಗ ಎದುರು ನಿಂತು ಮಾತು ಕೊಡುವವನಿಗೂ ಪ್ರತ್ಯೇಕ ಪಾಠವಿರಲಿ. ಕಾಗದ ಬರೆಸುವ ಆ ದೃಶ್ಯವನ್ನು ಒಂದು ಸಲ ಗ್ರೌಚೋನನ್ನು ನೋಡುತ್ತ, ಇನ್ನೊಂದು ಸಲ ಝೆಪ್ಪೋನನ್ನಷ್ಟೇ ನೋಡುತ್ತ ವಿದ್ಯಾರ್ಥಿಗಳಿಗೆ ತೋರಿಸಬಹುದು.

ಇಂತಿ,
ಓದುಗರಿಬ್ಬರು (ಹವ್ಯಾಸಿ ರಂಗಕರ್ಮಿ ಮತ್ತು ಡೀಸೆಲ್ ಮೆಕ್ಯಾನಿಕ್)
ಪಿ.ಬಿ. ರಸ್ತೆ, ದಾವಣಗೆರೆ