ಅಮ್ಮನ ಹೆಬ್ಬೆರಳು ನೆಟ್ಟಗಾಯಿತು, ಅತ್ತಿಗೆ

ಅಮ್ಮ ಮೊನ್ನೆಯಿಂದ ಆಪರೇಷನ್ ಚಪ್ಪಲಿ ಬಿಟ್ಟು, ಮೂತಿ ಅಗಲವಿರುವ ಶೂ ಹಾಕಿಕೊಂಡು ನಡೆಯುತ್ತಿದ್ದಾರೆ. ಹೆಬ್ಬೆರಳು ಪಕ್ಕದ ಬೆರಳಿನತ್ತ ವಾಲಿ, ಅದರ ಬುಡದಲ್ಲಿ ಗಂಟು ಎದ್ದ ಕಥೆ (ಡಾಕ್ಟರ ಭಾಷೆಯಲ್ಲಿ 'ಬನಿಯನ್') ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ಆಪರೇಷನ್ ಮಾಡಿದ ಡಾಕ್ಟರಿಗೆ, ಸಾರು-ಪಲ್ಯ ಕಳಿಸಿದ ಅಕ್ಕಪಕ್ಕದವರಿಗೆ, ಬಾತ್‌ರೂಮಿಗೆ ಸ್ಟೂಲ್ ತಂದುಕೊಟ್ಟ ಭಾವನಿಗೆ ನಮಸ್ಕಾರ.

ಅತ್ತಿಗೆ, ಇನ್ನು ನಿಮ್ಮ ವಿಷಯ.

ಪಾದ ಮರಗಟ್ಟಿಸಿದ ಇಂಜೆಕ್ಷನ್ನಿನ ಪ್ರಭಾವ ಇಳಿಯುವ ಮೊದಲೇ ನೋವಿನ ಮಾತ್ರೆ ಹೊಟ್ಟೆ ಸೇರಬೇಕು ಎಂದು ಹಟ ಹಿಡಿದವರು ನೀವು. ನೋವು ಏರಿದ ಮೇಲೆ ನುಂಗಿದ ಮಾತ್ರೆಗೆ ಅದನ್ನು ಹಿಡಿದು ನಿಲ್ಲಿಸುವುದು ಕಷ್ಟ. ದಿಂಬುಗಳನ್ನು ಮೀನಖಂಡದ ಕೆಳಗೆ ಪೇರಿಸಿ ಪಾದವನ್ನು ಎದೆಗಿಂತ ಮೇಲಿಟ್ಟಿರಿ. ಒಂದೇ ಕಡೆ ಒತ್ತಿ ಹುಣ್ಣಾಗದಿರಲೆಂದು ಹಿಮ್ಮಡಿಯನ್ನು ಗಾಳಿಯಲ್ಲೇ ಬಿಟ್ಟಿರಿ. ಗಂಟೆಗೊಮ್ಮೆ ಬೆರಳಿನ ಉಗುರು ಒತ್ತಿ ಬಿಡುತ್ತಿದ್ದಿರಿ: ಬಿಳಿಚಿದ ಬಣ್ಣ 2 ಸೆಕೆಂಡಿನೊಳಗೆ ಕೆಂಪಾಗಬೇಕು.

ನಡುರಾತ್ರಿ ಬಣ್ಣ ಮರಳುವುದು ನಿಧಾನವಾಯಿತು, ಬೆರಳುಗಳು ತಣ್ಣಗಾದವು. ಮಾತ್ರೆ ನುಂಗಿದ್ದರೂ ನೋವು ಏರುತ್ತಲೇ ಇತ್ತು. "ಬೆರಳೇ ಕತ್ತರಿಸಿಬಿಡಿ" ಎಂದು ಅಮ್ಮ ಅತ್ತಾಗ ಮನೆಯವರೆಲ್ಲ ಗೋಡೆ ನೋಡುತ್ತಾ ನಿಂತಿದ್ದೆವು. ನೀವು ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದಂತೆ ಮೇಲಿನ ಕ್ರೇಪ್ ಬ್ಯಾಂಡೇಜನ್ನಷ್ಟೇ ಸಡಿಲಿಸಿದಿರಿ. ಒಳಗಿನದನ್ನು ಮುಟ್ಟಲಿಲ್ಲ, ಆಪರೇಷನ್‌ನಲ್ಲಿ ಕತ್ತರಿಸಿ ಕೂಡಿಸಿದ ಮೂಳೆ ಗಟ್ಟಿಯಾಗುವವರೆಗೆ ಹೆಬ್ಬೆರಳನ್ನು ನೇರಕ್ಕೆ ಹಿಡಿದಿಡುವುದರಲ್ಲಿ ಅದರ ಪಾಲೂ ಇದೆ. ಬೆರಳಿಗೆ ಬಣ್ಣ ಬಂತು. ಬೆಳಗಿನವರೆಗೂ ನೀವು ಆ ಕುರ್ಚಿ ಬಿಟ್ಟು ಏಳಲಿಲ್ಲ. ಈ ಋಣ ತೀರುವಂಥದ್ದಲ್ಲ.

ಫಿಸಿಯೋ ಮೇಡಂ ಕೂಡ ಬಿಗಿಯಾದವರೇ. 6 ವಾರ ಹಿಮ್ಮಡಿಯ ಮೇಲಷ್ಟೇ ಭಾರ. ಹೊಲಿಗೆ ಬಿಚ್ಚಿದ ಮೇಲೆ ಕೀಲಿನ ಹಿಂದಿನ ಮೂಳೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ಹೆಬ್ಬೆರಳನ್ನು ಮೇಲೆ-ಕೆಳಗೆ 10 ಸಲ, ದಿನಕ್ಕೆ ಮೂರು ಬಾರಿ. ಇದನ್ನು ಬಿಟ್ಟರೆ ಬೆರಳು ನೋಡಲು ನೆಟ್ಟಗಿದ್ದರೂ ಕೀಲು ಬಿಗಿದು, ಹೆಜ್ಜೆ ಎತ್ತುವಾಗ ಮಡಚುವುದಿಲ್ಲ.

ಬೆರಳ ಸಂದಿಗೆ ಸಿಲಿಕೋನ್ ತುಂಡು ಕಳಿಸಿದ ಗೆಳೆಯರೇ, ಅದು ಇನ್ನೊಂದು ಕಾಲಿಗೆ ಉಪಯೋಗಕ್ಕೆ ಬಂದಿದೆ. ಉಜ್ಜುವುದು ತಪ್ಪುತ್ತದೆ, ಅಷ್ಟೇ. ವಾಲಿದ ಮೂಳೆಯನ್ನು ಅದು ತಿದ್ದುವುದಿಲ್ಲ. "ಗಂಟನ್ನಷ್ಟೇ ಕೆತ್ತಿಸಿದ್ದರೆ ಸಾಕಿತ್ತು" ಎಂದವರಿಗೂ ಒಂದು ಮಾತು: ಗಂಟು ಎಂದರೆ ಬಹುಪಾಲು, ಕೀಲಿನ ಹಿಂದಿನ ಮೂಳೆಯ ತುದಿ ಹೊರಕ್ಕೆ ಸರಿದದ್ದೇ. ಓರೆ ಸರಿಪಡಿಸದೆ ಕೆತ್ತಿದರೆ ಮತ್ತೆ ಬರುವ ಸಂಭವ ಹೆಚ್ಚು.

ಸಂಜೆಯ ಊತ ಇನ್ನೂ ಕೆಲವು ತಿಂಗಳು ಇರುತ್ತದೆ. ಮದುವೆಗೆ ಕರೆದವರು ದಯವಿಟ್ಟು ಅಮ್ಮನಿಗೆ ಕಾಲು ಚಾಚಲು ಎರಡನೇ ಕುರ್ಚಿಯನ್ನೂ ಹಾಕಿಸಿ.