ದೂರದ ಅಭಿಮಾನಿಗೆ ಆಟ ತಿಳಿಯುವುದಿಲ್ಲವೇ?

ಮಾನ್ಯ ಸಂಪಾದಕರೇ,

ಇಂಗ್ಲೆಂಡಿನ ಕ್ಲಬ್ಬುಗಳ ಜೆರ್ಸಿ ತೊಟ್ಟು ಪಿ.ಜೆ. ಬಡಾವಣೆಯಲ್ಲಿ ಓಡಾಡುವ ಹುಡುಗರನ್ನು ಕಂಡು 'ಇವರಿಗೇನು ಫುಟ್‌ಬಾಲ್ ಗೊತ್ತು' ಎಂದು ಮೂಗು ಮುರಿಯುವವರು ದಾವಣಗೆರೆಯಲ್ಲಿ ಕಡಿಮೆಯೇನಿಲ್ಲ. ವಿನಯ್ ಕುಮಾರ್ ಅವರಂಥ ಬೌಲರನ್ನು ಕೊಟ್ಟ ಕ್ರಿಕೆಟ್ ಪ್ರೇಮಿ ಊರಿನಲ್ಲಿ ಇಂಥ ಮಾತು ಸಹಜವೇ. ಆದರೂ ಸಾವಿರಾರು ಮೈಲಿ ದೂರದಲ್ಲಿರುವುದರಿಂದಲೇ ಇವರಿಗೆ ಆಟ ಅರ್ಥವಾಗುವುದಿಲ್ಲ ಎಂಬ ತೀರ್ಮಾನವನ್ನು ಒಪ್ಪಲಾಗದು.

ನೋಡುವ ಅವಕಾಶದ ಮಾತಾದರೆ ನಾವೇ ಒಂದು ಕೈ ಮೇಲು. ಸಣ್ಣ ಕ್ಲಬ್ಬುಗಳ ಮೈದಾನಗಳು ಖಾಲಿಯಾಗಬಾರದೆಂಬ ಕಾರಣಕ್ಕೆ ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಫುಟ್‌ಬಾಲ್ ನೇರಪ್ರಸಾರಕ್ಕೆ ದಶಕಗಳಿಂದ ನಿರ್ಬಂಧವಿದೆ. ಹೀಗಾಗಿ ಮಧ್ಯಾಹ್ನ ಮೂರಕ್ಕೆ ಶುರುವಾಗುವ ಪಂದ್ಯಕ್ಕೆ ಟಿಕೆಟ್ ಸಿಗದ ಮ್ಯಾಂಚೆಸ್ಟರ್ ನಿವಾಸಿ ಅದನ್ನು ಮನೆಯ ಟಿ.ವಿ.ಯಲ್ಲಿ ನೋಡಲಾರ, ಚಳಿಗಾಲದಲ್ಲಿ ಅದೇ ಪಂದ್ಯ ನಮಗೆ ರಾತ್ರಿ ಎಂಟೂವರೆಗೆ, ಊಟದ ಹೊತ್ತಿಗೆ ಸರಿಯಾಗಿ ಸಿಗುತ್ತದೆ.

ತೊಡಕಿರುವುದು ನೋಡುವ ರೀತಿಯಲ್ಲಿ. ಟಿ.ವಿ. ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ, ಆದರೆ ಫುಟ್‌ಬಾಲಿನ ಬಹುಪಾಲು ಕೆಲಸ ನಡೆಯುವುದು ಚೆಂಡಿಲ್ಲದ ಕಡೆ. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿ ಮೂರು ದೊಡ್ಡ ಪ್ರಶಸ್ತಿಗಳನ್ನು ಗೆದ್ದಾಗ, ರಕ್ಷಣಾ ಆಟಗಾರ ಜಾನ್ ಸ್ಟೋನ್ಸ್ ತಮ್ಮ ತಂಡದ ಬಳಿ ಚೆಂಡಿದ್ದ ಹೊತ್ತಿನಲ್ಲಿ ಹಿಂದಿನ ಸಾಲು ಬಿಟ್ಟು ಮೈದಾನದ ನಡುಭಾಗಕ್ಕೆ, ಅಂದರೆ ಮಿಡ್‌ಫೀಲ್ಡಿಗೆ ಸರಿಯುತ್ತಿದ್ದರು. ಅಲ್ಲಿ ಹೀಗೆ ಒಬ್ಬ ಆಟಗಾರ ಹೆಚ್ಚಾದಾಗ ಯಾರನ್ನು ಯಾರು ಕಾಯಬೇಕೆಂಬ ಗೊಂದಲ ಎದುರಾಳಿಗಳಿಗೆ ಹುಟ್ಟುತ್ತಿತ್ತು. ಮೊಬೈಲಿನಲ್ಲಿ ಗೋಲುಗಳ ತುಣುಕನ್ನಷ್ಟೇ ನೋಡಿದವರಿಗೆ ಗೋಲು ಹೊಡೆಯುವ ಎರ್ಲಿಂಗ್ ಹಾಲೆಂಡ್ ಮಾತ್ರ ನೆನಪಿನಲ್ಲಿ ಉಳಿದರು. 2015-16ರಲ್ಲಿ ಲೆಸ್ಟರ್ ಸಿಟಿ ಇಂಗ್ಲೆಂಡಿನ ಅಗ್ರ ಲೀಗಾದ ಪ್ರೀಮಿಯರ್ ಲೀಗ್ ಗೆದ್ದಾಗಲೂ ಅಷ್ಟೇ: ಬಹುತೇಕ ತಂಡಗಳಿಗಿಂತ ಕಡಿಮೆ ಹೊತ್ತು ಚೆಂಡನ್ನು ಇಟ್ಟುಕೊಂಡ ಆ ತಂಡ, ತನ್ನ ರಕ್ಷಣೆ ಮತ್ತು ಮಿಡ್‌ಫೀಲ್ಡ್ ಸಾಲುಗಳ ನಡುವಿನ ಜಾಗವನ್ನು ಕಿರಿದುಗೊಳಿಸಿ, ಮಿಡ್‌ಫೀಲ್ಡ್ ಆಟಗಾರ ಕಾಂಟೆ ಕಸಿದು ಕೊಟ್ಟ ಚೆಂಡನ್ನು ತಡಮಾಡದೆ ಮುಂಚೂಣಿ ಆಟಗಾರ ವಾರ್ಡಿಯ ಓಟದ ಮುಂದಕ್ಕೆ ತಳ್ಳುತ್ತಿತ್ತು. ಚೆಂಡಿನ ಹಿಡಿತದ ಶೇಕಡಾವಾರು ಲೆಕ್ಕ ಹಿಡಿದು ವಾದಿಸುವವರು ಇದನ್ನು ಅದೃಷ್ಟವೆಂದು ತಳ್ಳಿಹಾಕಿದರು. (ಗೋಲ್ ಕಂಬದ ಹಿಂದೆ ಕೂತು ನೋಡುವ ಅಲ್ಲಿಯವರಿಗೂ ಆಚೆ ತುದಿಯ ಆಟ ಸರಿಯಾಗಿ ಕಾಣುವುದಿಲ್ಲ ಎಂಬುದು ಬೇರೆ ಮಾತು.)

ದೂರದವರಿಗೆ ನಿಜಕ್ಕೂ ಎಟುಕದಿರುವುದು ಕ್ಲಬ್ಬಿಗೂ ಅದರ ಊರಿಗೂ ಇರುವ ಸಂಬಂಧ. 2021ರ ಏಪ್ರಿಲ್ 18ರಂದು ಯುರೋಪಿನ ಹನ್ನೆರಡು ಶ್ರೀಮಂತ ಕ್ಲಬ್ಬುಗಳು ಸೂಪರ್ ಲೀಗ್ ಎಂಬ ತಮ್ಮದೇ ಪ್ರತ್ಯೇಕ ಟೂರ್ನಿ ಘೋಷಿಸಿದಾಗ, ಪ್ರತಿ ವಾರ ದೊಡ್ಡ ಪಂದ್ಯ ಸಿಗುತ್ತದೆಂದು ಇಲ್ಲಿ ಹಿಗ್ಗಿದವರನ್ನು ನಾನು ಬಲ್ಲೆ. ಎಷ್ಟು ಸೋತರೂ ಸ್ಥಾಪಕ ಕ್ಲಬ್ಬುಗಳ ಸ್ಥಾನ ಖಾಯಂ ಎಂಬ ಆ ಏರ್ಪಾಡಿನ ಅನ್ಯಾಯವನ್ನು ಕಂಡು ಬೀದಿಗಿಳಿದವರು ಅಲ್ಲಿನ ಅಭಿಮಾನಿಗಳು. ಎರಡೇ ದಿನದಲ್ಲಿ ಆ ಹನ್ನೆರಡರಲ್ಲಿದ್ದ ಇಂಗ್ಲೆಂಡಿನ ಆರೂ ಕ್ಲಬ್ಬುಗಳು ಹಿಂದೆ ಸರಿದವು.

ಲಂಡನ್ನಿನ ಆರ್ಸೆನಲ್ ಕ್ಲಬ್ 2003-04ರ ಲೀಗಿನಲ್ಲಿ ಒಂದೂ ಪಂದ್ಯ ಸೋಲಲಿಲ್ಲವೆಂದು ಥಟ್ಟನೆ ಹೇಳುವ ನಮ್ಮ ಹುಡುಗರಲ್ಲಿ ಅನೇಕರಿಗೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಮಣಿಸಿ ಕರ್ನಾಟಕ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದದ್ದು ತಿಳಿದಿಲ್ಲ. ಮೈಸೂರು ಎಂಬ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಮೇಲೆ ಬಂದ ಮೊದಲ ಗೆಲುವದು. ಇದರಲ್ಲಿ ಹುಡುಗರ ತಪ್ಪಿಗಿಂತ ಪತ್ರಿಕೆಗಳ ಪಾಲೇ ಹೆಚ್ಚು ಎನ್ನದೆ ವಿಧಿಯಿಲ್ಲ. ಯಾವ ಆಟಗಾರ ಯಾವ ಕ್ಲಬ್ಬಿಗೆ ಎಷ್ಟು ಕೋಟಿಗೆ ಹೋದಾನೆಂಬ ಗಾಳಿಸುದ್ದಿಗೆ ಕೊಡುವ ಜಾಗದ ಒಂದಂಶದಲ್ಲಿ, ಒಂದು ಗೋಲು ಹೇಗೆ ರೂಪುಗೊಂಡಿತೆಂಬುದನ್ನು ರೇಖಾಚಿತ್ರ ಸಹಿತ ವಿವರಿಸಬಹುದು. ಇನ್ನು ಚೆಂಡಿಲ್ಲದ ಕಡೆಯ ಆಟ ಕಾಣಬೇಕೆಂದರೆ, ಸಾಧಾರಣ ಕಾಲೇಜು ಪಂದ್ಯವಾದರೂ ಮೈದಾನದ ಮೆಟ್ಟಿಲ ಮೇಲಿಂದ ನೋಡಿದರೆ ಇಪ್ಪತ್ತೆರಡೂ ಆಟಗಾರರು ಒಟ್ಟಿಗೆ ಕಣ್ಣಿಗೆ ಬೀಳುತ್ತಾರೆ. ಟಿ.ವಿ.ಯ ಸಾಮಾನ್ಯ ಪ್ರಸಾರ ಅದನ್ನು ತೋರಿಸುವುದಿಲ್ಲ. ಜಿಲ್ಲಾ ಮಟ್ಟದ ಫುಟ್‌ಬಾಲ್ ಪಂದ್ಯಗಳು ಮುಗಿದ ಮೇಲೆ ಎರಡು ಸಾಲಿನ ಫಲಿತಾಂಶ ಕೊಡುವ ಬದಲು, ಅವುಗಳ ದಿನ, ಸ್ಥಳ, ವೇಳೆಯನ್ನು ಮುಂಚಿತವಾಗಿಯೇ ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓದುಗ, ವಿದ್ಯಾನಗರ, ದಾವಣಗೆರೆ