ಟ್ರೇಲರ್ ಲೈಟಿನ ವೈರಿಂಗ್ ಸರಿಯಿಲ್ಲದ ಬಗ್ಗೆ ದೂರು

ಇವರಿಗೆ,
ಮಾಲೀಕರು, ವಾಹನ ಆಕ್ಸೆಸರೀಸ್ ಮಳಿಗೆ, ಹಾಸನ

ವಿಷಯ: ಜೀಪಿಗೆ ಹಿಚ್ (ಟ್ರೇಲರ್ ಎಳೆಯುವ ಕೊಂಡಿ) ಕೂರಿಸುವಾಗ ಮಾಡಿಕೊಟ್ಟ ಲೈಟ್ ವೈರಿಂಗ್

ಮಾನ್ಯರೇ,

ನೀವು ಕೂರಿಸಿಕೊಟ್ಟ ಹಿಚ್ಚಿನ ಬಗ್ಗೆ ನನ್ನ ತಕರಾರಿಲ್ಲ. ಕಾಫಿ ಮೂಟೆ ತುಂಬಿದ ಟ್ರೇಲರನ್ನು ಮೂಡಿಗೆರೆಯ ಏರುಗಳಲ್ಲೂ ಗಟ್ಟಿಯಾಗಿ ಎಳೆಯುತ್ತಿದೆ. ತಕರಾರು ಲೈಟಿನದು.

ಇಂಡಿಕೇಟರ್ ಹಾಕಿದರೆ ಟ್ರೇಲರಿನ ಟೈಲ್ ಲೈಟೂ ಜೊತೆಗೆ ಮಿಣುಕುತ್ತದೆ. ಬ್ರೇಕ್ ತುಳಿದರೆ ಎಲ್ಲ ಬಲ್ಬೂ ಮಂಕಾಗಿ ಉರಿಯುತ್ತವೆ. ರಸ್ತೆ ಗುಂಡಿಗೆ ಇಳಿದಾಗ ಒಂದು ಕ್ಷಣ ಸರಿಹೋಗಿ, ಮತ್ತೆ ಅದೇ ರಾಗ. ಫೋನ್ ಮಾಡಿದರೆ ನಿಮ್ಮ ಹುಡುಗರು "ಟ್ರೇಲರ್‌ದೇ ಪ್ರಾಬ್ಲಂ ಸಾರ್" ಎಂದು ಕೈ ತೊಳೆದುಕೊಂಡರು. ಟ್ರೇಲರಿನ ಪ್ಲಗ್ಗಿಗೆ ನೇರ ಬ್ಯಾಟರಿಯಿಂದ ಕರೆಂಟ್ ಕೊಟ್ಟು ನೋಡಿದೆವು, ಎಲ್ಲವೂ ಝಗ್ಗೆಂದು ಉರಿದವು. ಜೀಪಿನ ಸಾಕೆಟ್ ಬಿಚ್ಚಿದರೆ 3ನೇ ಪಿನ್ನು ಖಾಲಿ! 7 ಪಿನ್ನಿನ ಸಾಕೆಟಿನಲ್ಲಿ ಅರ್ತಿಂಗಿನ (ಕರೆಂಟ್ ಬ್ಯಾಟರಿಗೆ ವಾಪಸಾಗುವ) ಬಿಳಿ ವೈರು ಬರಬೇಕಾದ್ದೇ ಅಲ್ಲಿಗೆ. ಹಿಚ್ಚಿನ ಗುಂಡಿನಿಂದಲೇ ಅರ್ತ್ ಸಿಕ್ಕೀತೆಂದು ಬಿಟ್ಟಿರಬೇಕು. ಗ್ರೀಸ್ ಮೆತ್ತಿ ಪೇಂಟ್ ಹೊಡೆದ ಕಬ್ಬಿಣದಲ್ಲಿ ಅದು ಎಲ್ಲಿಂದ ಸಿಗಬೇಕು? ಆ ಪಿನ್ನಿನಿಂದ ಜೀಪಿನ ಚಾಸಿಗೆ (ಕಬ್ಬಿಣದ ಚೌಕಟ್ಟಿಗೆ) ಒಂದು ತುಂಡು ವೈರು ಎಳೆದೊಡನೆ ದೀಪಗಳು ಸರಿಯಾದವು.

ಇಷ್ಟೇ ಆಗಿದ್ದರೆ ಪತ್ರ ಬರೆಯುತ್ತಿರಲಿಲ್ಲ. ಮೊನ್ನೆ ಸಂಜೆ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮಂಜು ಕವಿದಿತ್ತು. ಟ್ರೇಲರಿನದಿರಲಿ, ಜೀಪಿನ ಟೈಲ್ ಲೈಟೂ ಆರಿತು. ಹಿಂದೆ ಬರುತ್ತಿದ್ದ ಬಸ್ಸಿನವನು ಹಾರ್ನ್ ಹೊಡೆದು ತೋರಿಸಿದ್ದರಿಂದ ಗೊತ್ತಾಯಿತು. ಜೀಪಿನ ಟೈಲ್ ಲೈಟಿನ ವೈರಿನ ಸಿಪ್ಪೆ ಸುಲಿದು, ನಿಮ್ಮ ವೈರು ತಿರುಚಿ, ಟೇಪ್ ಸುತ್ತಿದ್ದೀರಿ. ಸ್ಲೀವ್ (ಮೇಲ್ಹೊದಿಕೆಯ ಕೊಳವೆ) ಇಲ್ಲದ ಆ ವೈರು ಹಿಚ್ ಬ್ರಾಕೆಟಿನ ಅಂಚಿಗೆ ಉಜ್ಜಿ ಉಜ್ಜಿ ತಾಮ್ರ ಹೊರಬಿದ್ದು ಶಾರ್ಟ್ ಆಗಿ, ಜೀಪಿನ ಫ್ಯೂಸನ್ನೇ ಸುಟ್ಟಿತ್ತು. ಬಿಲ್ಲಿನಲ್ಲಿ ಮಾತ್ರ "ಟ್ರೇಲರ್ ವೈರಿಂಗ್ ಕಿಟ್" ಎಂದು ಬೇರೆಯೇ ದುಡ್ಡು ಹಾಕಿದ್ದೀರಿ. ಕಿಟ್ ಎಲ್ಲಿದೆಯೋ ನನಗಂತೂ ಕಾಣಲಿಲ್ಲ.

ರಿಲೇ ಬಾಕ್ಸ್ (ಜೀಪಿನ ಲೈಟಿನ ಸಿಗ್ನಲ್ಲಿಗೆ ತಾನೇ ಆನ್-ಆಫ್ ಆಗುವ ಸ್ವಿಚ್ಚು) ಹಾಕಿ, ಟ್ರೇಲರ್ ಬಲ್ಬುಗಳಿಗೆ ಬ್ಯಾಟರಿಯಿಂದಲೇ ಪ್ರತ್ಯೇಕ ಫ್ಯೂಸ್ ಸಮೇತ ಲೈನ್ ಎಳೆದು, ಅರ್ತಿಂಗ್ ವೈರು ಕೊಟ್ಟು, ವೈರುಗಳಿಗೆ ಸ್ಲೀವ್ ಹಾಕಿಕೊಡಿ. ಅದಾಗದಿದ್ದರೆ ವೈರಿಂಗಿನ ಹಣ ವಾಪಸ್ ಮಾಡಿ, ನಮ್ಮೂರ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿಕೊಳ್ಳುತ್ತೇನೆ. ಬಿಲ್ಲಿನ ಪ್ರತಿ, ಸುಟ್ಟ ಫ್ಯೂಸ್ ಮತ್ತು ಸವೆದ ವೈರಿನ ಫೋಟೊ ಲಗತ್ತಿಸಿದ್ದೇನೆ.

15 ದಿನದೊಳಗೆ ಉತ್ತರ ಬಾರದಿದ್ದರೆ 1915 ಗ್ರಾಹಕ ಸಹಾಯವಾಣಿಗೂ, ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬೇಕಾಗುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಾಸನಕ್ಕೆ ಓಡಾಡಬೇಕಾಗುವುದು ನನಗಲ್ಲ, ಚಿಕ್ಕಮಗಳೂರಿಗೆ ನಿಮಗೆ.

ಇತಿ,
ನಿಮ್ಮ ಗ್ರಾಹಕ
ಮೂಡಿಗೆರೆ ತಾಲ್ಲೂಕು